ಶೋಕದ ನಂತರದ ಪ್ರೀತಿ: ಸಲಿಂಗಿ ಪ್ರೇಮ ಕಾದಂಬರಿಗಳ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದಲ್ಲಿ ಕುಳಿತು ಬೇರೆಯವರ ಹಸ್ತಪ್ರತಿಗಳನ್ನು ಓದಿ ತಿದ್ದಿಕೊಡುವ ಕೆಲಸ ನನ್ನದು. ಗಂಡಸರಿಬ್ಬರ ಪ್ರೀತಿಯ ಕಥೆಗಳು ಈಗೀಗ ಹೆಚ್ಚಾಗಿ ಕೈಗೆ ಬರುತ್ತಿವೆ. ಹುಬ್ಬಳ್ಳಿ, ಗದಗ, ಹಾವೇರಿ ಕಡೆಯ ಹುಡುಗರು ಬರೆಯುತ್ತಿದ್ದಾರೆ, ಹೆಣ್ಣುಮಕ್ಕಳೂ ಬರೆಯುತ್ತಿದ್ದಾರೆ. ಸಂಗಾತಿಯನ್ನು ಕಳೆದುಕೊಂಡವನು ಮತ್ತೆ ಬದುಕಿನತ್ತ ತಿರುಗುವ ಕಥೆಯ ಬಗ್ಗೆ ಬರೆಯುವವರೂ ಓದುವವರೂ ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ ಆಗಿರುವುದರಿಂದ ಉತ್ತರಗಳನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಯಾವ ಬಗೆಯ ಕಾದಂಬರಿಗಳ ಬಗ್ಗೆ ಮಾತಾಡುತ್ತಿದ್ದೀರಿ?

ಪ್ರೇಮವೇ ನಡುಗಂಬವಾಗಿರುವ, ಗಂಡಸರಿಬ್ಬರು ನಾಯಕರಾಗಿರುವ, ಅವರಲ್ಲಿ ಒಬ್ಬನಾದರೂ ದೊಡ್ಡ ನಷ್ಟವೊಂದನ್ನು ಹೊತ್ತು ಬಂದಿರುವ ಕಾದಂಬರಿಗಳು. ನಷ್ಟ ಎಂದರೆ ಸಾವೇ ಆಗಬೇಕಿಲ್ಲ. ಪ್ರೀತಿಸಿದವನು ಮನೆಯವರ ಒತ್ತಾಯಕ್ಕೆ ಮಣಿದು ಮದುವೆಯಾಗಿ ಹೋದದ್ದೂ ನಷ್ಟವೇ. ಆದರೆ ಕಥೆ ಅಲ್ಲಿಗೆ ನಿಲ್ಲಬಾರದು. ಓದುಗ ಪುಸ್ತಕ ಮುಚ್ಚುವಾಗ ಆ ಮನುಷ್ಯನಿಗೆ ನಾಳೆ ಎಂಬುದೊಂದು ಇದೆ ಎಂದು ನಂಬುವಂತಿರಬೇಕು.

ಸಲಿಂಗಿಗಳ ಕಥೆಯಲ್ಲಿ ಸಾವು ಯಾಕೆ ಇಷ್ಟೊಂದು? ಸಾಕಾಗಿದೆ.

ನಿಮ್ಮ ಬೇಸರ ನ್ಯಾಯವಾದದ್ದು. ಬಹಳ ಕಾಲ ಇಂಥ ಪಾತ್ರಗಳಿಗೆ ಕೊನೆಯ ಪುಟದಲ್ಲಿ ಸಾವು ಕಾದಿರುತ್ತಿತ್ತು. ಬಾವಿ, ರೈಲು, ವಿಷ, ಇಲ್ಲವೇ ಹುಚ್ಚು. ಪ್ರೀತಿಸಿದ ತಪ್ಪಿಗೆ ಶಿಕ್ಷೆ ಕೊಟ್ಟರೆ ಮಾತ್ರ ಕಥೆಯನ್ನು ಅಚ್ಚು ಹಾಕಬಹುದು ಎಂಬ ಅಲಿಖಿತ ಒಪ್ಪಂದವದು. ಇಂಗ್ಲಿಷ್ ಕಾದಂಬರಿಕಾರ ಇ. ಎಂ. ಫಾರ್‌ಸ್ಟರ್ 1913-14ರಲ್ಲಿ ‘ಮಾರಿಸ್’ ಬರೆದು, ಪ್ರೇಮಿಗಳಿಬ್ಬರನ್ನೂ ಉಳಿಸಿ ಒಟ್ಟಿಗೆ ಸೇರಿಸಿದ. ಸುಖಾಂತವನ್ನು ಬಿಟ್ಟುಕೊಡಲು ಅವನು ಒಪ್ಪಲಿಲ್ಲ, ಕಾನೂನು ಅದನ್ನು ಪ್ರಕಟಿಸಲು ಬಿಡುವಂತಿರಲಿಲ್ಲ. ಪುಸ್ತಕ ಹೊರಬಂದದ್ದು 1971ರಲ್ಲಿ, ಅವನು ತೀರಿಕೊಂಡ ಮರುವರ್ಷ.

ನಾನು ಹೇಳುತ್ತಿರುವ ಕಾದಂಬರಿಗಳಲ್ಲಿ ಸಾವು ಕೊನೆಗೆ ಬರುವುದಿಲ್ಲ. ಅದು ಮೊದಲ ಪುಟಕ್ಕಿಂತ ಮುಂಚೆಯೇ ಆಗಿಹೋಗಿರುತ್ತದೆ, ಅಥವಾ ಮೊದಲ ಅಧ್ಯಾಯದಲ್ಲೇ ಆಗುತ್ತದೆ. ಉಳಿದವನು ಮುನ್ನೂರು ಪುಟ ಬದುಕುತ್ತಾನೆ. ಲೇಖಕ ಶಿಕ್ಷೆಗೆಂದು ಬರೆದ ಸಾವಿಗೂ ಬದುಕಿನಲ್ಲಿ ಎಲ್ಲರಿಗೂ ಬರುವ ಸಾವಿಗೂ ಇರುವ ವ್ಯತ್ಯಾಸವನ್ನು ಓದುಗ ಎರಡೇ ಪುಟಗಳಲ್ಲಿ ಹಿಡಿಯುತ್ತಾನೆ.

ಕನ್ನಡದಲ್ಲಿ ಇಂಥವು ಇವೆಯೇ?

ದಾರಿ ತೆರೆದದ್ದು ವಸುಧೇಂದ್ರ ಅವರ ‘ಮೋಹನಸ್ವಾಮಿ’, 2013ರಲ್ಲಿ. ಅದು ಕಥಾಸಂಕಲನ, ಕಾದಂಬರಿಯಲ್ಲ. ಆದರೆ ಸಲಿಂಗಿ ಗಂಡಸಿನ ಆಸೆ, ಅವಮಾನ, ಒಂಟಿತನಗಳನ್ನು ಸಂಕೋಚವಿಲ್ಲದೆ ಕನ್ನಡದ ಮನೆಮನೆಗೆ ತಂದ ಪುಸ್ತಕ. ಅದೇ ವರ್ಷ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಸಲಿಂಗಿ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಕಲಮನ್ನು ಮತ್ತೆ ಜೀವಂತಗೊಳಿಸಿತು ಎಂಬುದನ್ನು ನೆನೆದರೆ ಆ ಪ್ರಕಟಣೆಯ ಎದೆಗಾರಿಕೆ ತಿಳಿಯುತ್ತದೆ. ಮರಾಠಿ ಓದಬಲ್ಲವರು ನಮ್ಮ ಕಡೆ ಬಹಳ ಜನ ಇದ್ದಾರೆ. ಅವರು ಸಚಿನ್ ಕುಂಡಲ್ಕರ್ ಅವರ ‘ಕೋಬಾಲ್ಟ್ ಬ್ಲೂ’ ಓದಬಹುದು. ಪುಣೆಯ ಒಂದು ಮನೆಗೆ ಬಾಡಿಗೆಗೆ ಬಂದವನನ್ನು ಅಣ್ಣ ತಂಗಿ ಇಬ್ಬರೂ ಪ್ರೀತಿಸುತ್ತಾರೆ, ಅವನು ಇಬ್ಬರನ್ನೂ ಬಿಟ್ಟು ಹೋಗುತ್ತಾನೆ. ಬಿಟ್ಟುಹೋದ ಮೇಲಿನ ಶೂನ್ಯವನ್ನು ಬರೆಯುವುದು ಹೇಗೆಂದು ಕಲಿಯಲು ಒಳ್ಳೆಯ ಪುಸ್ತಕ. ಅದರ ಇಂಗ್ಲಿಷ್ ಅನುವಾದವೂ ಇದೆ. ಶೋಕದಿಂದ ಚೇತರಿಸಿಕೊಂಡು ಎರಡನೇ ಪ್ರೀತಿಯವರೆಗೆ ನಡೆಯುವ ತುಂಬು ಕಾದಂಬರಿಗಳು ನಮ್ಮಲ್ಲಿ ಇನ್ನೂ ಬೆಳೆಯಬೇಕಾದ ಬೆಳೆ. ಅದಕ್ಕೇ ಈ ಕೆಲಸದ ಮೇಲೆ ನನಗೆ ಇಷ್ಟು ಆಸೆ.

ಸಂಗಾತಿ ಸತ್ತರೆ ಯಾರಿಗಾದರೂ ದುಃಖವಾಗುತ್ತದೆ. ಸಲಿಂಗಿಯ ದುಃಖದಲ್ಲಿ ಬೇರೆ ಏನಿದೆ?

ದುಃಖ ಬೇರೆಯಲ್ಲ. ಅದಕ್ಕೆ ಊರು ಕೊಡುವ ಜಾಗ ಬೇರೆ.

ನಮ್ಮ ಕಡೆಯ ಒಂದು ಸಾವನ್ನು ನೆನಪಿಸಿಕೊಳ್ಳಿ. ಸುದ್ದಿ ಮುಟ್ಟಿದ ಕೂಡಲೇ ಬೀಗರು, ಓಣಿಯವರು ಬಂದು ಸೇರುತ್ತಾರೆ. ಲಿಂಗಾಯತರ ಮನೆಯಾದರೆ ದೇಹವನ್ನು ಕೂರಿಸಿ, ವಿಭೂತಿ ಹಚ್ಚಿ, ಹೂವಿನಿಂದ ಅಲಂಕರಿಸಿ ರಾತ್ರಿಯಿಡೀ ಭಜನೆ ಮಾಡುತ್ತಾರೆ. ಮಣ್ಣಿಗೆ ಹೋಗುವಾಗ ಯಾರು ಮುಂದೆ ನಡೆಯಬೇಕು, ಯಾರು ಹೆಗಲು ಕೊಡಬೇಕು ಎಲ್ಲವೂ ನಿಗದಿಯಾಗಿದೆ. ಮೂರನೆಯ ದಿನ ಹಾಲು ತುಪ್ಪ. ಮುಂದೆ ಪತ್ರಿಕೆಯಲ್ಲಿ ಫೋಟೊ, ಅದರ ಕೆಳಗೆ ‘ದುಃಖತಪ್ತರು’ ಎಂದು ಹೆಸರುಗಳ ಸಾಲು: ಹೆಂಡತಿ, ಮಕ್ಕಳು, ಸೊಸೆಯಂದಿರು, ಅಳಿಯಂದಿರು, ಮೊಮ್ಮಕ್ಕಳು, ಕೊನೆಗೆ ‘ಹಾಗೂ ಬಂಧುಮಿತ್ರರು’. ಹನ್ನೆರಡು ವರ್ಷ ಅವನೊಂದಿಗೆ ಒಂದೇ ಮನೆಯಲ್ಲಿ ಬದುಕಿದವನು ಆ ಕೊನೆಯ ಮಾತಿನೊಳಗೆ ಎಲ್ಲೋ ಇರುತ್ತಾನೆ.

ಇಲ್ಲಿಗೆ ಮುಗಿಯುವುದಿಲ್ಲ. ಬಾಡಿಗೆ ಕರಾರು ಸತ್ತವನ ಹೆಸರಿನಲ್ಲಿದ್ದರೆ ಮನೆ ಬಿಡಬೇಕು. ಸ್ಕೂಟರನ್ನು ತಮ್ಮ ಒಯ್ಯುತ್ತಾನೆ, ಟ್ರಂಕನ್ನು ತಾಯಿ. ಕಚೇರಿಯಲ್ಲಿ ರಜೆ ಕೇಳಿದರೆ ‘ಯಾರು ತೀರಿಕೊಂಡರು?’ ಎಂಬ ಪ್ರಶ್ನೆ ಬರುತ್ತದೆ. ‘ಗೆಳೆಯ’ ಎಂದರೆ ಒಂದು ದಿನದ ರಜೆ, ಅದೂ ಮುಖ ನೋಡಿ. ಅಮೆರಿಕದ ಕೆನೆತ್ ಡೋಕಾ ಎಂಬ ವಿದ್ವಾಂಸರು 1989ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಸಮಾಜ ಗುರುತಿಸದ, ಬಹಿರಂಗವಾಗಿ ಅಳಲು ಬಿಡದ ಇಂಥ ಶೋಕವನ್ನು ಪ್ರತ್ಯೇಕವಾಗಿ ಗುರುತಿಸಿ ವಿವರಿಸಿದ್ದಾರೆ. ನಾನೂ ಒಮ್ಮೆ ಹಾಗೆ ಹಿಂದಿನ ಸಾಲಿನಲ್ಲಿ, ಚಪ್ಪಲಿ ಬಿಟ್ಟ ಜಾಗದ ಪಕ್ಕ ನಿಂತವನು. ಅತ್ತರೆ ಯಾಕೆ ಇಷ್ಟು ಅಳುತ್ತಾನೆ ಎಂದಾರು, ಅಳದಿದ್ದರೆ ಗಂಟಲು ಬಿರಿಯುತ್ತದೆ. ಆ ಹೊತ್ತಿನಲ್ಲಿ ನನಗೆ ಬೇಕಾಗಿದ್ದದ್ದು ಸಮಾಧಾನದ ಮಾತಲ್ಲ. ‘ಹೋದವನು ನಿನ್ನವನು’ ಎಂದು ಯಾರಾದರೂ ಒಬ್ಬರು ಹೇಳಬೇಕಾಗಿತ್ತು.

ಈ ಬಗೆಯ ಕಾದಂಬರಿಯ ಜೀವ ಇರುವುದು ಇಲ್ಲಿಯೇ ಎಂದು ನನ್ನ ದೃಢ ನಂಬಿಕೆ. ನಾಯಕ ಚೇತರಿಸಿಕೊಳ್ಳಲು ಹೊಸ ಪ್ರೇಮಿ ಬಂದರಷ್ಟೇ ಸಾಲದು. ಅವನು ಯಾರನ್ನು ಕಳೆದುಕೊಂಡ ಎಂಬುದನ್ನು ಕಥೆಯೊಳಗೆ ಯಾರಾದರೂ ಬಾಯಿಬಿಟ್ಟು ಹೇಳಬೇಕು. ಓಣಿಯ ಮುದುಕಿ ಹೇಳಬಹುದು, ಸತ್ತವನ ತಂಗಿ ಹೇಳಬಹುದು. ಹೊಸಬನೇ ಹೇಳಿದರಂತೂ ಆ ಪುಟದಿಂದ ಎರಡನೇ ಪ್ರೀತಿ ಶುರುವಾಯಿತೆಂದೇ ತಿಳಿಯಿರಿ.

ಶೋಕಕ್ಕೆ ಐದು ಹಂತಗಳಿವೆಯಂತೆ. ಅಧ್ಯಾಯಗಳನ್ನು ಹಾಗೆ ಜೋಡಿಸಬಹುದೇ?

ದಯವಿಟ್ಟು ಬೇಡ. ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಗೆ ಎಂಬ ಆ ಐದನ್ನು ಎಲಿಜಬೆತ್ ಕೂಬ್ಲರ್-ರಾಸ್ 1969ರಲ್ಲಿ ಬರೆದದ್ದು ಸಾವನ್ನು ಎದುರಿಗಿಟ್ಟುಕೊಂಡ ರೋಗಿಗಳ ಬಗ್ಗೆ. ಉಳಿದವರ ದುಃಖಕ್ಕೆ ಅದನ್ನು ಅಂಟಿಸಿದ್ದು ಆಮೇಲೆ. ಐದು ಮೆಟ್ಟಿಲು ಹತ್ತಿ ಆರನೆಯದರಲ್ಲಿ ಹೊಸ ಗೆಳೆಯ ಸಿಗುವ ಹಸ್ತಪ್ರತಿಗಳನ್ನು ಬಹಳಷ್ಟು ಓದಿದ್ದೇನೆ. ಎಲ್ಲವೂ ಸಪ್ಪೆ.

ಮಾರ್ಗರೆಟ್ ಸ್ಟ್ರೋಬ, ಹೆಂಕ್ ಶುಟ್ ಎಂಬ ಸಂಶೋಧಕರು 1999ರಲ್ಲಿ ಮುಂದಿಟ್ಟ ವಿವರಣೆ ಬರಹಗಾರನಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಮನಸ್ಸು ಕಳೆದುಕೊಂಡದ್ದರ ಕಡೆಗೊಮ್ಮೆ, ಮುಂದಿನ ಬದುಕಿನ ಕಡೆಗೊಮ್ಮೆ ತೂಗಾಡುತ್ತಲೇ ಇರುತ್ತದೆ ಎನ್ನುತ್ತಾರೆ ಅವರು. ಬೆಳಿಗ್ಗೆ ಗ್ಯಾಸ್ ಸಿಲಿಂಡರ್‌ಗೆ ಹೇಳಿ, ವಿದ್ಯುತ್ ಬಿಲ್ ಕಟ್ಟಿ, ಅಂಗಡಿಯವನ ಮಾತಿಗೆ ನಕ್ಕೂ ಬಂದವನು ಸಂಜೆ ಮನೆಗೆ ಬಂದು ಎರಡು ಲೋಟ ಚಹಾಕ್ಕೆ ನೀರಿಟ್ಟು ಕುಸಿಯುತ್ತಾನೆ. ಮರುದಿನ ಮತ್ತೆ ಬಿಲ್ಲು, ಸಿಲಿಂಡರ್. ನಗುವ ದಿನವನ್ನೂ ಬರೆಯಿರಿ.

ದುಃಖವನ್ನು ಎಷ್ಟು ಕಡಿಮೆಯಲ್ಲಿ ಹೇಳಬಹುದೆಂದು ಕಲಿಯಲು ದೂರ ಹೋಗಬೇಕಿಲ್ಲ. ಸಾಧನಕೇರಿಯ ಬೇಂದ್ರೆಯವರು ಮಗುವನ್ನು ಕಳೆದುಕೊಂಡಾಗ ಹೆಂಡತಿ ತನ್ನನ್ನು ನೋಡುವ ನೋಟದ ಮೇಲೆಯೇ ಒಂದಿಡೀ ಪದ್ಯ ಬರೆದರು. ಎದೆ ಬಡಿದುಕೊಳ್ಳುವುದು ಅದರಲ್ಲಿಲ್ಲ, ಒಂದು ನೋಟವನ್ನು ತಾಳಿಕೊಳ್ಳಲಾಗದ ಗಂಡಸು ಇದ್ದಾನೆ.

ವರ್ಷ ತುಂಬುವ ಮೊದಲೇ ನಾಯಕ ಇನ್ನೊಬ್ಬನನ್ನು ಪ್ರೀತಿಸಿದರೆ ಓದುಗರು ಒಪ್ಪುತ್ತಾರೆಯೇ?

ಒಪ್ಪುತ್ತಾರೆ, ನೀವು ಅವನ ಅಳುಕನ್ನು ಓದುಗನಿಂದ ಮುಚ್ಚಿಡದಿದ್ದರೆ. ನಮ್ಮ ಸಂಪ್ರದಾಯ ಶೋಕಕ್ಕೆ ವರ್ಷದ ಗಡಿ ಹಾಕಿದೆ: ಆ ವರ್ಷ ಹಬ್ಬವಿಲ್ಲ, ಮದುವೆ ಮುಂಜಿ ಇಲ್ಲ, ವರ್ಷಾಬ್ದಿಕ ಮುಗಿದ ಮೇಲೆ ಮನೆಗೆ ಮತ್ತೆ ಬೆಳಕು. ವೈದ್ಯಶಾಸ್ತ್ರವೂ ಒಂದು ಗಡಿ ಇಟ್ಟುಕೊಂಡಿದೆ. ವಾಸಿಯಾಗದೆ ಉಳಿದ ಶೋಕವನ್ನು ಕಾಯಿಲೆ ಎಂದು ಪರಿಗಣಿಸಲು ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣ ಕನಿಷ್ಠ 6 ತಿಂಗಳು ಕಾಯುತ್ತದೆ, ಅಮೆರಿಕದ ಮನೋವೈದ್ಯರ 2022ರ ಕೈಪಿಡಿ 12 ತಿಂಗಳು. ಪ್ರೀತಿ ಯಾವ ಕ್ಯಾಲೆಂಡರನ್ನೂ ನೋಡಿ ಹುಟ್ಟುವುದಿಲ್ಲ. ಆದರೆ ನಾಯಕನ ತಲೆಯೊಳಗೆ ಕ್ಯಾಲೆಂಡರ್ ಇರುತ್ತದೆ. ‘ಇನ್ನೂ ಉಗಾದಿ ಬಂದಿಲ್ಲ, ನಾನು ಇವನ ಜೊತೆ ಕುಳಿತು ನಗುತ್ತಿದ್ದೇನೆ’ ಎಂಬ ತಪ್ಪಿತಸ್ಥ ಭಾವವನ್ನು ಬರೆದರೆ ಕಾಲದ ಲೆಕ್ಕವನ್ನು ಓದುಗ ನಿಮಗೇ ಬಿಟ್ಟುಬಿಡುತ್ತಾನೆ.

ಇನ್ನೊಂದು ಮಾತು. ನಮ್ಮಲ್ಲಿ ಹೆಂಡತಿ ಸತ್ತ ಗಂಡಸಿಗೆ ವರ್ಷದೊಳಗೇ ಎರಡನೇ ಸಂಬಂಧ ಹುಡುಕುತ್ತಾರೆ. ಸಂಗಾತಿ ಸತ್ತ ಸಲಿಂಗಿಗೂ ಮನೆಯವರು ಹೆಣ್ಣು ಹುಡುಕುತ್ತಾರೆ, ಆದರೆ ಅದು ಅವರ ಪಾಲಿಗೆ ಅವನ ಮೊದಲ ಮದುವೆ. ‘ಆ ಗೆಳೆಯನೂ ಹೋದ, ಇನ್ನಾದರೂ ಸಂಸಾರ ಮಾಡಿಕೊ’ ಎನ್ನುತ್ತಾರೆ. ವಿಧುರನನ್ನು ಬ್ರಹ್ಮಚಾರಿಯನ್ನಾಗಿ ಕಾಣುವ ಈ ಕುರುಡಿನಷ್ಟು ನೋವು ಕೊಡುವ ದೃಶ್ಯ ಇನ್ನೊಂದಿಲ್ಲ. ಅದನ್ನು ಯಾರೂ ಸರಿಯಾಗಿ ಬರೆದುಕೊಟ್ಟಿಲ್ಲ. ನೀವು ಬರೆಯಿರಿ.

ಎರಡನೇ ಅವಕಾಶ ಹೊಸಬನಿಂದಲೇ ಸಿಗಬೇಕೇ? ಹಳೆಯ ಪ್ರೇಮಿ ಮರಳಿ ಬರಬಾರದೇ?

ಬರಬಹುದು. ಆದರೆ ನಮ್ಮ ಊರುಗಳಲ್ಲಿ ಮರಳಿ ಬರುವವನು ಒಬ್ಬನೇ ಬರುವುದಿಲ್ಲ.

ಒಂದು ಕಥೆಯನ್ನು ಊಹಿಸಿಕೊಳ್ಳೋಣ. ಬ್ಯಾಡಗಿಯ ಮೆಣಸಿನಕಾಯಿ ದಲಾಲಿಯ ಮಗ, ಧಾರವಾಡದಲ್ಲಿ ಓದುವಾಗ ಒಬ್ಬನನ್ನು ಪ್ರೀತಿಸಿದ್ದ. ತಂದೆಗೆ ಹೃದಯಾಘಾತವಾದ ವರ್ಷ ಹೆದರಿ ಮದುವೆಯಾದ. ಹದಿನೈದು ವರ್ಷಗಳ ನಂತರ, ಸುಗ್ಗಿಯ ಮಾರುಕಟ್ಟೆಯಲ್ಲಿ ಚೀಲಗಳ ನಡುವೆ, ಕೆಮ್ಮು ಬರಿಸುವ ಆ ಘಾಟಿನಲ್ಲಿ ಇಬ್ಬರೂ ಎದುರಾಗುತ್ತಾರೆ. ಕಣ್ಣು ಒರೆಸಿಕೊಂಡರೆ ಯಾರಿಗೂ ಅನುಮಾನ ಬಾರದ ಜಾಗ ಅದು. ಇಲ್ಲಿಯವರೆಗೆ ಯಾರು ಬೇಕಾದರೂ ಬರೆಯಬಹುದು. ಕಷ್ಟ ಇರುವುದು ಮುಂದೆ. ಅವನಿಗೆ ಹೆಂಡತಿ ಇದ್ದಾಳೆ, ಹತ್ತನೆಯ ತರಗತಿ ಓದುವ ಮಗಳಿದ್ದಾಳೆ.

ಬಹಳಷ್ಟು ಲೇಖಕರು ಆ ಹೆಂಡತಿಯನ್ನು ಎರಡರಲ್ಲಿ ಒಂದು ಮಾಡುತ್ತಾರೆ: ಜಗಳಗಂಟಿ, ಇಲ್ಲವೇ ಕ್ಯಾನ್ಸರ್ ರೋಗಿ. ಎರಡೂ ಅನ್ಯಾಯ. ಅವಳೂ ಒಂದು ಸುಳ್ಳಿನೊಳಗೆ ಹದಿನೈದು ವರ್ಷ ಸವೆದವಳು, ಅವಳ ಯೌವನವೂ ಈ ಕಥೆಯ ನಷ್ಟಗಳಲ್ಲಿ ಸೇರಬೇಕು. ಗಂಡ ಮೊದಲು ಅವಳ ಮುಂದೆ ಕುಳಿತು ನಿಜ ಹೇಳಲಿ, ಅವಳ ಸಿಟ್ಟು ಒಂದು ಇಡೀ ಅಧ್ಯಾಯ ಉರಿಯಲಿ, ಅವಳ ದುಡ್ಡು, ಮನೆ, ಮಗಳ ಓದು ಏನಾಗುತ್ತದೆಂದು ಕಾದಂಬರಿ ಉತ್ತರ ಕೊಡಲಿ. ಆಮೇಲೆ ಪ್ರೇಮಿಗಳು ಸೇರಿದರೆ ನಾನು ಸಂತೋಷದಿಂದ ಓದುತ್ತೇನೆ. ಅವಳನ್ನು ತುಳಿದು ದಾಟಿದರೆ ಆ ಸುಖಾಂತ ನನಗೆ ಬೇಡ.

ಹೊಸ ಪ್ರೇಮಿ ಬಂದ ಮೇಲೆ ಸತ್ತವನನ್ನು ಏನು ಮಾಡಬೇಕು? ಎರಡನೆಯವನು ಸಣ್ಣವನಾಗಿಬಿಡುತ್ತಾನೆ.

ಹೊಸ ಬರಹಗಾರರು ಇದಕ್ಕೆ ಹೆದರಿ ಸತ್ತವನನ್ನು ಅರ್ಧ ಪುಸ್ತಕದಲ್ಲಿ ಮರೆತುಬಿಡುತ್ತಾರೆ, ಇಲ್ಲವೇ ಅವನಲ್ಲೊಂದು ದೋಷ ಹುಡುಕುತ್ತಾರೆ. ಹಳೆಯ ಪೆಟ್ಟಿಗೆಯಲ್ಲಿ ಪತ್ರ ಸಿಗುತ್ತದೆ, ಅವನು ಮೋಸ ಮಾಡಿದ್ದನೆಂದು ತಿಳಿಯುತ್ತದೆ, ನಾಯಕನಿಗೆ ದಾರಿ ಸಲೀಸು. ಇದು ಸತ್ತವನಿಗೆ ಮಾಡುವ ದ್ರೋಹ.

ಸತ್ತವನ ಹೆಸರು ಹೊಸ ಮನೆಯಲ್ಲೂ ಕೇಳಿಸಲಿ. ಒಂದು ಹಸ್ತಪ್ರತಿಯಲ್ಲಿ ಓದಿದ ದೃಶ್ಯ ನನಗೆ ಬಹಳ ಹಿಡಿಸಿತು. ನಾಯಕನ ಬಳಿ ಸತ್ತವನ ಫೋಟೊ ಮೊಬೈಲಿನಲ್ಲಿ ಮಾತ್ರ ಇದೆ. ಹಾರ ಹಾಕಿದ ದೊಡ್ಡ ಫೋಟೊ ಇರುವುದು ಅವನ ತಂದೆತಾಯಿಯ ಮನೆಯಲ್ಲಿ, ಅಲ್ಲಿಗೆ ಇವನಿಗೆ ಪ್ರವೇಶವಿಲ್ಲ. ಎರಡನೆಯವನು ಯಾರಿಗೂ ಹೇಳದೆ ಆ ಮೊಬೈಲ್ ಫೋಟೊವನ್ನು ಅಚ್ಚು ಹಾಕಿಸಿ, ಕಟ್ಟು ಹಾಕಿಸಿ, ಹಾವೇರಿಗೆ ಹೋಗಿ ಏಲಕ್ಕಿ ಹಾರ ತರುತ್ತಾನೆ. ಹಸಿರು ಬಿಳಿ ಏಲಕ್ಕಿಯ ಆ ಹಾರ ಹೂವಿನಂತೆ ಸಂಜೆಗೆ ಬಾಡುವುದಿಲ್ಲ, ತಿಂಗಳುಗಟ್ಟಲೆ ಗೋಡೆಯ ಮೇಲೆ ಇರುತ್ತದೆ. ಮೊಳೆ ಎಲ್ಲಿ ಹೊಡೆಯಲಿ ಎಂದು ಅವನು ಕೇಳುತ್ತಾನೆ. ಪ್ರೀತಿಸುತ್ತೇನೆ ಎಂದು ಆ ಪುಟದಲ್ಲಿ ಯಾರೂ ಹೇಳುವುದಿಲ್ಲ. ಮೊಳೆ ಹೊಡೆಯುವವನು ಆ ಕ್ಷಣದಲ್ಲಿ ಕಿಂಚಿತ್ತಾದರೂ ಸಣ್ಣವನಾಗಿ ಕಂಡನೇ?

ಕೊನೆ ಸುಖವಾಗಿಯೇ ಇರಬೇಕೇ?

ಪ್ರೇಮ ಕಾದಂಬರಿ ಎಂದು ಹೇಳಿ ಮಾರಿದರೆ, ಹೌದು. ಭರವಸೆಯ ಮುಕ್ತಾಯ ಈ ಸಾಹಿತ್ಯ ಪ್ರಕಾರ ಓದುಗನಿಗೆ ಕೊಟ್ಟ ಮಾತು. ಮದುವೆ, ಮಗು, ಸ್ವಂತ ಮನೆ ಬೇಕೆಂದಲ್ಲ. ಒಂದೇ ಪಡಿತರ ಚೀಟಿಯಲ್ಲಿ ಇಬ್ಬರ ಹೆಸರು ಬಂದರೂ ನಡೆಯುತ್ತದೆ.

ಇದೆಲ್ಲ ಬೆಂಗಳೂರಿನ ಕಥೆ. ಹುಬ್ಬಳ್ಳಿ-ಧಾರವಾಡದಲ್ಲಿ ನಡೆದರೆ ಯಾರು ನಂಬುತ್ತಾರೆ?

ಈ ಮಾತನ್ನು ಹೇಳುವವರು ನಮ್ಮೂರವರೇ ಎಂಬುದು ನನಗೆ ಬೇಸರ. ಪ್ರೀತಿಸುವ ಗಂಡಸರು ಇಲ್ಲಿಲ್ಲವೇ? ಇದ್ದಾರೆ, ಇದ್ದರು, ಕಾರ್ಖಾನೆಯಲ್ಲಿ, ವರ್ಕ್‌ಶಾಪಿನಲ್ಲಿ, ಕಾಲೇಜಿನಲ್ಲಿ, ಮಠದ ಸಾಲಿನಲ್ಲಿ. ಬರಹದಲ್ಲಿ ಕಾಣದಿದ್ದದ್ದಕ್ಕೆ ಬದುಕಿನಲ್ಲಿ ಇಲ್ಲವೆಂದು ಅರ್ಥವಲ್ಲ.

ಕಥೆಗೆ ಈ ಜೋಡಿ ಊರು ಎಷ್ಟು ಅನುಕೂಲ ನೋಡಿ. ಸುಮಾರು 20 ಕಿಲೋಮೀಟರ್ ಅಂತರದಲ್ಲಿ ಎರಡು ಊರು, ಎರಡು ಸ್ವಭಾವ, ನಡುವೆ ಚಿಗರಿ ಬಸ್ಸು. ಹುಬ್ಬಳ್ಳಿಯ ಅಂಗಡಿಕಾರ, ಧಾರವಾಡದ ಮೇಷ್ಟರು. ಗುರುತಿನವರ ಕಣ್ಣು ತಪ್ಪಿಸಲು ಒಬ್ಬನು ಇನ್ನೊಬ್ಬನ ಊರಿಗೆ ಬಂದರೆ ಸಾಕು. ಉಣಕಲ್ ಕೆರೆಯ ಹತ್ತಿರ ಇಳಿದುಕೊಂಡರೆ ಇಬ್ಬರಿಗೂ ಸರಿ ಅರ್ಧ ದಾರಿ ಎಂದಲ್ಲದಿದ್ದರೂ ಇಬ್ಬರ ಓಣಿಯಿಂದಲೂ ದೂರ. ಬೀಳ್ಕೊಡುವ ದೃಶ್ಯ ಬೇಕಾದರೆ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಹುಬ್ಬಳ್ಳಿಯಲ್ಲಿದೆ, ಅದರ ತುದಿಯವರೆಗೆ ನಡೆಯುವಷ್ಟರಲ್ಲಿ ಹೇಳಬೇಕಾದದ್ದನ್ನೆಲ್ಲ ಹೇಳಿ ಮುಗಿಸಬಹುದು. ಜೂನ್‌ನಿಂದ ಧಾರವಾಡದ ಜಿಟಿಜಿಟಿ ಮಳೆ ಇದೆ, ಒಂದೇ ಕೊಡೆಯಲ್ಲಿ ನಡೆಯಲು ಯಾರೂ ಕಾರಣ ಕೇಳುವುದಿಲ್ಲ. ಗಂಡಸರಿಬ್ಬರು ಭುಜದ ಮೇಲೆ ಕೈಹಾಕಿ ನಡೆದರೆ ಈ ಊರು ತಿರುಗಿ ನೋಡುವುದಿಲ್ಲ. ಅವರಲ್ಲಿ ಒಬ್ಬನು ಮದುವೆ ಬೇಡ ಎಂದಾಗ ಮಾತ್ರ ತಿರುಗಿ ನೋಡುತ್ತದೆ. ನಿಮ್ಮ ಕಥೆಯ ಸಂಘರ್ಷ ಆ ಎರಡು ವಾಕ್ಯಗಳ ನಡುವೆ ಇದೆ.

1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ, 1933ರಿಂದ ಮನೋಹರ ಗ್ರಂಥಮಾಲೆ ಹೊಸ ಹೊಸ ಬರಹಗಾರರನ್ನು ಅಚ್ಚಿಗೆ ತಂದ ಊರಿದು. ಓದುಗರನ್ನು ಕಡಿಮೆ ಅಂದಾಜು ಮಾಡಬೇಡಿ.

ಸಂಭಾಷಣೆ ಧಾರವಾಡದ ಮಾತಿನಲ್ಲಿ ಇರಬೇಕೇ?

ನಿಮಗೆ ಅದು ಮನೆಮಾತಾಗಿದ್ದರೆ ಇರಲಿ. ಇಲ್ಲದಿದ್ದರೆ ಕೃತಕವಾಗಿ ಎಳೆದು ತರಬೇಡಿ. ಮೊದಲು ಒಬ್ಬರನ್ನೊಬ್ಬರು ಹೇಗೆ ಕರೆಯುತ್ತಾರೆ ಎಂಬುದನ್ನು ಗಮನಿಸಿ. ‘ಸರ್’ ಎನ್ನುತ್ತಿದ್ದವನು ಹೆಸರಿಗೆ ‘ಅವರೇ’ ಸೇರಿಸಲು ಶುರುಮಾಡಿ, ಒಂದು ದಿನ ಬಹುವಚನವನ್ನು ಬಿಟ್ಟುಬಿಡುವುದು ನಮ್ಮ ಭಾಷೆಯಲ್ಲಿ ಮುತ್ತಿಗಿಂತ ದೊಡ್ಡ ಘಟನೆ.

ದೈಹಿಕ ದೃಶ್ಯಗಳು ಎಷ್ಟಿರಬೇಕು?

ಕಥೆಗೆ ಬೇಕಾದಷ್ಟು. ಶೋಕದಲ್ಲಿರುವವನ ಮೈ ಮೊದಲ ಸ್ಪರ್ಶಕ್ಕೆ ಬೆಚ್ಚುತ್ತದೆ, ಕೆಲವೊಮ್ಮೆ ಅಳುತ್ತದೆ. ಅದನ್ನು ನಾಚಿಕೊಂಡು ಬಿಟ್ಟರೆ ಚೇತರಿಕೆಯ ಅರ್ಧಭಾಗವನ್ನೇ ಬಿಟ್ಟ ಹಾಗೆ.

ಸಂಗಾತಿ ಸತ್ತಾಗ ಕಾನೂನು ಏನು ಹೇಳುತ್ತದೆ? ಕಾದಂಬರಿಯಲ್ಲಿ ತಪ್ಪಾಗಬಾರದು.

ನಿಮ್ಮ ಕಥೆ ನಡೆಯುವ ವರ್ಷವನ್ನು ಮೊದಲು ನಿಗದಿ ಮಾಡಿಕೊಳ್ಳಿ. 2018ರ ಸೆಪ್ಟೆಂಬರ್ 6ಕ್ಕಿಂತ ಹಿಂದಿನ ಕಥೆಯಾದರೆ ಪ್ರೇಮಿಗಳ ತಲೆಯ ಮೇಲೆ 377ನೇ ಕಲಂ ತೂಗುತ್ತಿತ್ತು. 2009ರ ಜುಲೈನಲ್ಲಿ ದೆಹಲಿ ಹೈಕೋರ್ಟ್ ಕೊಟ್ಟ ಬಿಡುಗಡೆಯನ್ನು 2013ರಲ್ಲಿ ಸುಪ್ರೀಂ ಕೋರ್ಟ್ ಕಿತ್ತುಕೊಂಡಿತ್ತು. 2018ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ವಯಸ್ಕರ ಸಮ್ಮತಿಯ ಸಂಬಂಧ ಅಪರಾಧವಲ್ಲ ಎಂದಿತು. ಅದಕ್ಕೆ ಅಡಿಪಾಯವಾದ 2017ರ ಖಾಸಗಿತನದ ತೀರ್ಪು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು ಹೂಡಿದ ಮೊಕದ್ದಮೆಯಿಂದ ಬಂದದ್ದು.

ಮದುವೆಯ ಹಕ್ಕು ಇನ್ನೂ ಇಲ್ಲ. 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಕೊಡಲು ಒಪ್ಪಲಿಲ್ಲ. ಹಾಗಾಗಿ ಸಂಗಾತಿ ಉಯಿಲು ಬರೆಯದೆ ಸತ್ತರೆ ಆಸ್ತಿ ಅವನ ರಕ್ತಸಂಬಂಧಿಗಳಿಗೆ ಹೋಗುತ್ತದೆ. ಬ್ಯಾಂಕಿನಲ್ಲಿ ನಾಮಿನಿ ಆಗಿದ್ದರೆ ಹಣ ಕೈಗೆ ಬರಬಹುದು, ಆದರೆ ನಾಮಿನಿ ಎಂದ ಮಾತ್ರಕ್ಕೆ ಒಡೆಯನಾಗುವುದಿಲ್ಲ. ವಾರಸುದಾರರು ಕೇಳಿದರೆ ಕೊಡಬೇಕಾಗುತ್ತದೆ. ಈ ಎರಡರ ನಡುವಿನ ಅಂತರದಲ್ಲೇ ಒಂದು ಕಾದಂಬರಿ ಇದೆ. ಉಯಿಲಿಗೆ ನೋಂದಣಿ ಕಡ್ಡಾಯವಲ್ಲ, ಬರೆದವನ ಸಹಿ ಮತ್ತು ಇಬ್ಬರು ಸಾಕ್ಷಿಗಳು ಸಾಕು. ಆದರೂ ನೋಂದಾಯಿಸುವುದು ಮೇಲು. ಕಥೆಯ ಹೊರಗೆ, ನಿಜವಾಗಿ ಜೊತೆಗೆ ಬದುಕುತ್ತಿರುವವರಿಗೂ ಇದನ್ನೇ ಹೇಳುತ್ತೇನೆ. ಇವತ್ತೇ ಬರೆದಿಡಿ.

ಕೆಲವು ಬಾಗಿಲುಗಳು ಸ್ವಲ್ಪ ತೆರೆದಿವೆ. 2024ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಸಲಿಂಗಿ ಸಂಗಾತಿಗಳು ಜಂಟಿ ಬ್ಯಾಂಕ್ ಖಾತೆ ತೆರೆಯಲು, ಒಬ್ಬರನ್ನೊಬ್ಬರು ನಾಮಿನಿ ಮಾಡಲು ಯಾವ ನಿರ್ಬಂಧವೂ ಇಲ್ಲವೆಂದು ಸ್ಪಷ್ಟಪಡಿಸಿತು. ಪಡಿತರ ಚೀಟಿಗೆ ಅವರನ್ನು ಒಂದೇ ಮನೆಯವರೆಂದು ಪರಿಗಣಿಸಲು ಹೇಳಿತು. ಹತ್ತಿರದ ಸಂಬಂಧಿಕರು ಇಲ್ಲದಿದ್ದಾಗ ಸಂಗಾತಿ ದೇಹವನ್ನು ಪಡೆಯಲು ಅವಕಾಶವಾಗಬೇಕೆಂದು ರಾಜ್ಯಗಳಿಗೆ ಪತ್ರ ಹೋಯಿತು. ‘ಸಂಬಂಧಿಕರು ಇಲ್ಲದಿದ್ದಾಗ’ ಎಂಬ ಮಾತನ್ನು ಗಮನಿಸಿ. ಶವಾಗಾರದ ಮುಂದೆ ತಂದೆ ಬಂದು ನಿಂತರೆ ಸಂಗಾತಿ ಮತ್ತೆ ಪಕ್ಕಕ್ಕೆ ಸರಿಯಬೇಕು. 2017ರ ಮಾನಸಿಕ ಆರೋಗ್ಯ ಕಾಯ್ದೆ ಇದಕ್ಕಿಂತ ಉದಾರಿ: ಮಾನಸಿಕ ಚಿಕಿತ್ಸೆಯ ವಿಷಯದಲ್ಲಿ ತನ್ನ ಪರವಾಗಿ ನಿಲ್ಲಲು ಯಾವ ವಯಸ್ಕನನ್ನಾದರೂ ಬಿಳಿ ಹಾಳೆಯಲ್ಲಿ ಬರೆದು ಸಹಿಮಾಡಿ ನೇಮಿಸಬಹುದು, ರಕ್ತಸಂಬಂಧ ಬೇಕಿಲ್ಲ.

ಜೋಗಪ್ಪ ಸಂಪ್ರದಾಯಕ್ಕೂ ಇದಕ್ಕೂ ಸಂಬಂಧವಿದೆಯೇ?

ಬೇರೆ ವಿಷಯ. ಸವದತ್ತಿ ಯಲ್ಲಮ್ಮನ ಜೋಗಪ್ಪಂದಿರದು ಲಿಂಗತ್ವಕ್ಕೂ ಭಕ್ತಿಗೂ ಸೇರಿದ ಬದುಕು. ಮಂಜಮ್ಮ ಜೋಗತಿ ಅವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ಇಡೀ ನಾಡು ಹೆಮ್ಮೆಪಟ್ಟಿತು. ಗಂಡಸನ್ನು ಪ್ರೀತಿಸುವ ಗಂಡಸಿನ ಕಥೆ ಬರೆಯುವಾಗ ಬಣ್ಣಕ್ಕೆಂದು ಅವರನ್ನು ತಂದು ನಿಲ್ಲಿಸಬೇಡಿ. ಅವರನ್ನು ಬರೆಯುವುದಾದರೆ ಅವರದೇ ಕಾದಂಬರಿ ಬರೆಯಿರಿ.

ನಾನು ಹೆಣ್ಣು. ಸಲಿಂಗಿ ಗಂಡಸರ ಪ್ರೇಮ ಬರೆಯಬಹುದೇ?

ಬರೆಯಬಹುದು. ಬರೆದ ಮೇಲೆ ಆ ಬದುಕನ್ನು ಬಲ್ಲ ಒಬ್ಬರಿಗಾದರೂ ಓದಿಸಿ, ಅವರು ‘ಇದು ಹೀಗಲ್ಲ’ ಎಂದ ಕಡೆ ವಾದ ಮಾಡದೆ ತಿದ್ದಿ.

ನನ್ನ ಸಂಗಾತಿ ಈಚೆಗೆ ತೀರಿಕೊಂಡ. ಇಂಥ ಪುಸ್ತಕ ಓದಿದರೆ ಒಳ್ಳೆಯದಾಗುತ್ತದೆಯೇ?

ಈಗಲೇ ಬೇಡ ಎನಿಸಿದರೆ ಬೇಡ. ಮೊದಲ ತಿಂಗಳುಗಳಲ್ಲಿ ಒಂದು ಪುಟ ಓದುವುದೂ ಕಷ್ಟ. ಅದರಲ್ಲೂ ಎರಡನೇ ಪ್ರೀತಿ ಸಿಗುವ ಭಾಗ ಬಂದಾಗ ಪುಸ್ತಕವನ್ನು ಗೋಡೆಗೆ ಎಸೆಯಬೇಕೆನಿಸುತ್ತದೆ. ಎಸೆಯಿರಿ, ಪುಸ್ತಕಕ್ಕೆ ನೋವಾಗುವುದಿಲ್ಲ. ಶೋಕದ ಭಾಗವನ್ನಷ್ಟೇ ಓದಿ ಉಳಿದದ್ದನ್ನು ಬಿಟ್ಟರೂ ತಪ್ಪಿಲ್ಲ. ‘ನನ್ನಂತೆ ಇನ್ನೊಬ್ಬನೂ ಹಿಂದಿನ ಸಾಲಿನಲ್ಲಿ ನಿಂತಿದ್ದ’ ಎಂದು ತಿಳಿಯುವುದರಲ್ಲಿ ಒಂದು ಬಲವಿದೆ. ನನಗೆ ಅದು ಸಿಕ್ಕಿದ್ದು ಪುಸ್ತಕದಿಂದಲೇ.

ಆದರೆ ಪುಸ್ತಕ ಔಷಧವಲ್ಲ. ನಿದ್ದೆ ಬಾರದಿದ್ದರೆ, ಊಟ ಬಿಟ್ಟಿದ್ದರೆ, ಸಾಯಬೇಕು ಎನಿಸುತ್ತಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆಯೂ ಹತ್ತಿರದಲ್ಲಿದೆ. ನಿಮ್ಮನ್ನು ‘ಸರಿಪಡಿಸುತ್ತೇನೆ’ ಎಂದು ಯಾವ ವೈದ್ಯರಾದರೂ ಹೇಳಿದರೆ ಎದ್ದು ಬನ್ನಿ. ಸಲಿಂಗಿಗಳನ್ನು ಬದಲಾಯಿಸುವ ‘ಚಿಕಿತ್ಸೆ’ ವೃತ್ತಿಪರ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ.

ನನ್ನ ಮಗನ ಗೆಳೆಯ ತೀರಿಕೊಂಡ. ಮಗ ಮಾತೇ ಬಿಟ್ಟಿದ್ದಾನೆ. ಅವರಿಬ್ಬರ ನಡುವೆ ಏನಿತ್ತೆಂದು ನನಗೆ ತಿಳಿದಿದೆ, ಆದರೆ ನಾವು ಎಂದೂ ಮಾತಾಡಿಲ್ಲ. ಒಂದು ಪುಸ್ತಕ ಕೊಡಲೇ?

ತಾಯಿ, ಈ ಪ್ರಶ್ನೆ ನೀವು ಕೇಳಿದಿರಲ್ಲ, ಅದಕ್ಕೆ ನನ್ನ ನಮಸ್ಕಾರ. ಪುಸ್ತಕವನ್ನು ಆಮೇಲೆ ಕೊಡಿ. ಮೊದಲು ಆ ಹುಡುಗನ ಹೆಸರು ಹಿಡಿದು ಮಾತಾಡಿ. ‘ಅವನಿಗೆ ನನ್ನ ಕೈಯ ಎಣ್ಣೆಗಾಯಿ ಇಷ್ಟವಿತ್ತು’ ಎಂದರೂ ಸಾಕು. ಎಲ್ಲವನ್ನೂ ಬಿಡಿಸಿ ಹೇಳಿಸಬೇಕಿಲ್ಲ. ಮದುವೆಯ ಮಾತನ್ನು ಸದ್ಯ ಎತ್ತಬೇಡಿ, ನೆಂಟರು ಎತ್ತಿದರೆ ನೀವೇ ತಡೆಯಿರಿ. ಆ ಹುಡುಗನ ತಿಥಿಯ ದಿನ ನೆನಪಿಟ್ಟುಕೊಂಡು ಮಗನ ಜೊತೆ ಕುಳಿತು ಊಟ ಮಾಡಿ. ಆಮೇಲೆ ಪುಸ್ತಕ ಕೊಟ್ಟರೆ ಅವನು ಓದುತ್ತಾನೆ. ನೀವೂ ಓದಿ.

ಮೊದಲ ಬಾರಿ ಬರೆಯುತ್ತಿದ್ದೇನೆ. ಎಲ್ಲಿಂದ ಶುರುಮಾಡಲಿ?

ಸಾವಿನ ದೃಶ್ಯದಿಂದ ಬೇಡ, ಎಲ್ಲರೂ ಅಲ್ಲಿಂದಲೇ ಶುರುಮಾಡುತ್ತಾರೆ. ಸತ್ತವನು ಬದುಕಿದ್ದಾಗಿನ ಒಂದು ಸಾಧಾರಣ ಬುಧವಾರವನ್ನು ಬರೆಯಿರಿ. ಇಬ್ಬರೂ ಯಾವುದಕ್ಕೆ ಜಗಳವಾಡಿದರು, ಗಿರಮಿಟ್ಟಿಗೆ ಹಸಿ ಉಳ್ಳಾಗಡ್ಡಿ ಬೇಕೆಂದವರು ಯಾರು, ರಾತ್ರಿ ಬಾಗಿಲ ಚಿಲಕ ಹಾಕುತ್ತಿದ್ದವರು ಯಾರು. ಅಂಥ ಹತ್ತು ಪುಟಗಳು ಸಿದ್ಧವಾದ ಮೇಲೆ ಅವನಿಲ್ಲದ ಬುಧವಾರವನ್ನು ಬರೆಯಿರಿ. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದರೆ ಕಾದಂಬರಿಗೆ ಎಷ್ಟು ದೊಡ್ಡ ಜಾಗ ಬೇಕೆಂದು ನಿಮಗೇ ಗೊತ್ತಾಗುತ್ತದೆ. ಎರಡನೆಯವನನ್ನು ಅಲ್ಲಿಯವರೆಗೆ ಕರೆತರಬೇಡಿ.